ದ್ವಿತೀಯ ಪಿಯು ಮಕ್ಕಳಿಗೆ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಹೇಗೆ ಪಾಠ ಮಾಡ್ತೀರಿ? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಬಯಾಲಜಿ ಮೇಷ್ಟ್ರು, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಇನ್ನೇನು ಡಿಎನ್‌ಎ ನೋಡಿ ಜನರನ್ನು ಗುರುತಿಸುವ ಆ ಅಧ್ಯಾಯ ಶುರು ಮಾಡಬೇಕು. ಅದಕ್ಕೆ ಮುಂಚೆ ನಿಮ್ಮ ಜೊತೆ ಒಂದು ವಿಷಯ ಮಾತಾಡಬೇಕು ಅನ್ನಿಸಿತು.

ನಮ್ಮ ಮಕ್ಕಳು ಈ ಪಾಠದ ಹಂತಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಡಿಎನ್‌ಎ ಬೇರ್ಪಡಿಸುವುದು, ಕಿಣ್ವದಿಂದ ಕತ್ತರಿಸುವುದು, ಜೆಲ್‌ನಲ್ಲಿ ಓಡಿಸುವುದು, ನೈಲಾನ್ ಪೊರೆಗೆ ಬ್ಲಾಟ್ ಮಾಡುವುದು (ಅಂದರೆ ಇಳಿಸಿಕೊಳ್ಳುವುದು), ಪ್ರೋಬ್ (ಬೇಕಾದ ತುಂಡಿಗೆ ಮಾತ್ರ ಅಂಟುವ ಗುರುತಿನ ಡಿಎನ್‌ಎ) ಹಾಕುವುದು, ಎಕ್ಸ್‌ರೇ ಫಿಲ್ಮ್ ಮೇಲೆ ಪಟ್ಟೆ ನೋಡುವುದು. ಅಂಕಕ್ಕೆ ತೊಂದರೆ ಇಲ್ಲ. ಆದರೆ "ಸ್ಥಳದಲ್ಲಿ ಸಿಕ್ಕ ಡಿಎನ್‌ಎ ಒಬ್ಬನದಕ್ಕೆ ಹೊಂದಿತು. ಇದರಿಂದ ಏನು ಗೊತ್ತಾಯಿತು?" ಅಂತ ಕೇಳಿದರೆ ಇಡೀ ತರಗತಿ "ಅವನೇ ಅಪರಾಧಿ ಸಾರ್" ಅನ್ನುತ್ತದೆ. ಪ್ರತಿ ವರ್ಷ ಇದೇ ಉತ್ತರ.

ಆ ಉತ್ತರ ನನಗೆ ನೋವು ಕೊಡುತ್ತದೆ. ಈ ಮಕ್ಕಳಲ್ಲಿ ಕೆಲವರು ಮುಂದೆ ಪೊಲೀಸ್ ಆಗುತ್ತಾರೆ, ಡಾಕ್ಟರ್ ಆಗುತ್ತಾರೆ, ವಕೀಲರಾಗುತ್ತಾರೆ. ಉಳಿದವರು ಟಿವಿ ನೋಡಿ ಯಾರನ್ನೋ ಅಪರಾಧಿ ಅಂತ ತೀರ್ಮಾನ ಮಾಡುತ್ತಾರೆ. ಹಂತಗಳನ್ನು ಕೊನೆಗೆ ಹೇಳೋಣ, ಮೊದಲು ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ಕಲಿಸೋಣ ಅನ್ನುವುದು ನನ್ನ ವಿಚಾರ. ಲ್ಯಾಬಿನಲ್ಲಿ ಜೆಲ್ ಯಂತ್ರ ಇಲ್ಲ, ಡಿಎನ್‌ಎ ನಕಲು ತೆಗೆಯುವ ಪಿಸಿಆರ್ ಮಾತು ದೂರವೇ ಉಳಿಯಿತು. ಪೇಪರ್, ಕತ್ತರಿ, ಅಡುಗೆಮನೆ ಸಾಮಾನು ಇದೆ. ನೀವು ಏನು ಮಾಡ್ತೀರಿ?

ಬೇಲೂರು ಟೀಚರ್

ನಾನು ಹೈಸ್ಕೂಲಿನವಳು, ಆದರೂ ಹೇಳುತ್ತೇನೆ. ಡಿಎನ್‌ಎ ಕಣ್ಣಿಗೆ ಕಾಣಿಸಿದರೆ ಪಾಠ ಅರ್ಧ ಆದ ಹಾಗೆ. ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆಹಣ್ಣು ಒಂದು, ಅರ್ಧ ಲೋಟ ನೀರು, ಒಂದು ಚಿಟಿಕೆ ಉಪ್ಪು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಹಣ್ಣು ನುಣ್ಣಗೆ ಕಿವುಚಿ ಎಲ್ಲ ಸೇರಿಸಿ. ನೊರೆ ಬರುವ ಹಾಗೆ ಕಲಕಬೇಡಿ. ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ. ಸೋಸಿದ ನೀರನ್ನು ಗಾಜಿನ ಲೋಟಕ್ಕೆ ಹಾಕಿ, ಲೋಟ ಓರೆ ಮಾಡಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಸರ್ಜಿಕಲ್ ಸ್ಪಿರಿಟ್ ಅನ್ನು ಗೋಡೆಗುಂಟ ನಿಧಾನ ಬಿಡಿ.

ಎರಡು ಪದರ ಸೇರುವ ಕಡೆ ಬಿಳಿ ಎಳೆಗಳು ಏಳುತ್ತವೆ. ಮೊದಲು ಗುಳ್ಳೆ ಕಟ್ಟಿದ ಹಾಗೆ ಕಾಣುತ್ತದೆ, ಆಮೇಲೆ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಮೇಲೆ ಬರುತ್ತವೆ. ಕಡ್ಡಿಯಲ್ಲಿ ಸುತ್ತಿ ಎತ್ತಬಹುದು. ಲಿಕ್ವಿಡ್ ಪೊರೆಯ ಕೊಬ್ಬು ಒಡೆಯುತ್ತದೆ, ಉಪ್ಪು ಡಿಎನ್‌ಎ ಮೇಲಿನ ಋಣ ವಿದ್ಯುದಂಶವನ್ನು ತಣಿಸುತ್ತದೆ, ಸ್ಪಿರಿಟ್‌ನಲ್ಲಿ ಅದು ಕರಗದೆ ಹೊರಗೆ ಬೀಳುತ್ತದೆ. ಇಷ್ಟು ಹೇಳಿದರೆ ಸಾಕು.

ಎರಡು ಎಚ್ಚರಿಕೆ. ಸ್ಪಿರಿಟ್ ಹತ್ತಿರ ಬೆಂಕಿ, ಸ್ಟೌ ಇರಬಾರದು. ಇನ್ನೊಂದು, ಆ ಬಿಳಿ ಎಳೆ ಬರೀ ಡಿಎನ್‌ಎ ಅಲ್ಲ. ಆರ್‌ಎನ್‌ಎ, ಹಣ್ಣಿನ ಪೆಕ್ಟಿನ್ ಎಲ್ಲ ಸೇರಿರುತ್ತದೆ. ಮಕ್ಕಳು ಇದನ್ನೇ ಫಿಂಗರ್‌ಪ್ರಿಂಟ್ ಅಂದುಕೊಳ್ಳುತ್ತಾರೆ, ಅಲ್ಲೇ ತಿದ್ದಿಬಿಡಿ.

ಅರಸೀಕೆರೆ ಲೆಕ್ಚರರ್

ಮೇಷ್ಟ್ರೇ, ನಿಮ್ಮ ಕಳಕಳಿ ಒಪ್ಪುತ್ತೇನೆ. ಆದರೆ ಐದು ಅಂಕದ ಪ್ರಶ್ನೆ ಬಂದರೆ ಹಂತಗಳೇ ಬರೆಯಬೇಕು. ನಮ್ಮ ಮಕ್ಕಳಿಗೆ ಆ ಐದು ಅಂಕ ದೊಡ್ಡದು. ಸಿಲಬಸ್ ಮುಗಿಸಲು ಇರುವುದೇ ಕೆಲವು ತಿಂಗಳು. ಕಥೆ ಹೇಳುತ್ತಾ ಕೂತರೆ ಎಕಾಲಜಿ ಯಾವಾಗ ಮಾಡೋದು?

ಬಯಾಲಜಿ ಮೇಷ್ಟ್ರು, ಹಾಸನ

ಅಂಕ ಬಿಡಿ ಅಂತ ನಾನು ಹೇಳುವುದೇ ಇಲ್ಲ. ಹಂತಗಳಿಗೆ ಕಾರಣ ಗೊತ್ತಾದರೆ ನೆನಪೂ ಜಾಸ್ತಿ ದಿನ ಇರುತ್ತದೆ. ಒಂದು ಪಿರಿಯಡ್ ಕೊಡಿ ಸಾಕು. ನಾನು ಕಥೆ ಶುರು ಮಾಡುವುದು ಇಂಗ್ಲೆಂಡಿನ ಲೆಸ್ಟರ್ ಊರಿನಿಂದ.

1984ರ ಸೆಪ್ಟೆಂಬರ್ 10, ಸೋಮವಾರ ಬೆಳಿಗ್ಗೆ. ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಡಾರ್ಕ್‌ರೂಮಿನಲ್ಲಿ ಒಂದು ಎಕ್ಸ್‌ರೇ ಫಿಲ್ಮ್ ಎತ್ತಿ ನೋಡಿದರು. ಅದರಲ್ಲಿ ಅವರ ಲ್ಯಾಬಿನ ಟೆಕ್ನಿಷಿಯನ್ ಮತ್ತು ಆಕೆಯ ತಂದೆ ತಾಯಿಯ ಡಿಎನ್‌ಎ ಇತ್ತು. ಪಕ್ಕದಲ್ಲಿ ಹಸು, ಸೀಲ್, ತಂಬಾಕು ಗಿಡದ ಡಿಎನ್‌ಎ ಕೂಡ ಇತ್ತು. ನಮ್ಮ ರಾಮನಾಥಪುರದ ಕಡೆ ಮಕ್ಕಳಿಗೆ ತಂಬಾಕು ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಅವರು ಹುಡುಕುತ್ತಿದ್ದದ್ದು ಜೀನ್‌ಗಳ ಗುರುತು. ಕಂಡದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆ ಪಟ್ಟೆಗಳ ಸಾಲು, ಮಗಳ ಪಟ್ಟೆಗಳಲ್ಲಿ ಸುಮಾರು ಅರ್ಧ ತಾಯಿಯಿಂದ, ಉಳಿದರ್ಧ ತಂದೆಯಿಂದ. ಇದರಿಂದ ಜನರನ್ನು ಗುರುತಿಸಬಹುದು ಅಂತ ಅವರಿಗೆ ಅಲ್ಲೇ ಹೊಳೆಯಿತು.

ಅದೇ ಲೆಸ್ಟರ್ ಹತ್ತಿರದ ಹಳ್ಳಿಗಳಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು ಹುಡುಗಿಯ ಕೊಲೆ ಆಗಿತ್ತು. ಇಬ್ಬರಿಗೂ 15 ವರ್ಷ. ಪೊಲೀಸರು 17 ವರ್ಷದ ಒಬ್ಬ ಹುಡುಗನನ್ನು ಹಿಡಿದರು. ಅವನು ಎರಡನೇ ಕೊಲೆ ಒಪ್ಪಿಕೊಂಡ. ಮೊದಲನೆಯದು ಒಪ್ಪಲಿಲ್ಲ. ಎರಡೂ ಅವನದೇ ಕೆಲಸ ಅಂತ ಖಚಿತ ಮಾಡಿಕೊಳ್ಳಲು ಪೊಲೀಸರು ಜೆಫ್ರೀಸ್ ಹತ್ತಿರ ಹೋದರು. ಫಲಿತಾಂಶ ಬಂತು. ಎರಡೂ ಕಡೆ ಒಬ್ಬನೇ ಗಂಡಸು. ಆದರೆ ಈ ಹುಡುಗ ಅಲ್ಲ.

ಇಲ್ಲಿ ನಿಲ್ಲಿಸಿ ತರಗತಿಯನ್ನು ಕೇಳಬೇಕು. ತಪ್ಪೊಪ್ಪಿಗೆ ಇದೆ, ಪೊಲೀಸರಿಗೆ ನಂಬಿಕೆ ಇದೆ, ಊರಿಗೆ ಸಿಟ್ಟಿದೆ. ಆ ಪರೀಕ್ಷೆ ಇಲ್ಲದಿದ್ದರೆ ಆ ಹುಡುಗನ ಗತಿ ಏನಾಗುತ್ತಿತ್ತು? ಕೊಲೆ ತನಿಖೆಯಲ್ಲಿ ಈ ವಿದ್ಯೆ ಮಾಡಿದ ಮೊಟ್ಟಮೊದಲ ಕೆಲಸ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ಇದನ್ನು ಪ್ರತಿ ಮಗುವೂ ತಿಳಿದಿರಲೇಬೇಕು ಅನ್ನುತ್ತೇನೆ ನಾನು.

ಆಮೇಲೆ ಸುತ್ತಲಿನ ಹಳ್ಳಿಗಳ ಸುಮಾರು 5,000 ಗಂಡಸರ ಸ್ಯಾಂಪಲ್ ತೆಗೆದುಕೊಂಡರು. ಯಾರದ್ದೂ ಹೊಂದಲಿಲ್ಲ. ಯಾಕೆ ಅಂದರೆ ಕಾಲಿನ್ ಪಿಚ್‌ಫೋರ್ಕ್ ಎಂಬ ಬೇಕರಿ ಕೆಲಸಗಾರ ತನ್ನ ಬದಲಿಗೆ ಜೊತೆಯಲ್ಲಿ ಕೆಲಸ ಮಾಡುವವನನ್ನು ರಕ್ತ ಕೊಡಲು ಕಳಿಸಿದ್ದ. ಆ ಜೊತೆಗಾರ ಪಬ್ಬಿನಲ್ಲಿ ಅದನ್ನು ಬಾಯಿಬಿಟ್ಟ. ಕೇಳಿಸಿಕೊಂಡ ಹೆಂಗಸೊಬ್ಬಳು ಪೊಲೀಸರಿಗೆ ಹೇಳಿದಳು. 1987ರ ಸೆಪ್ಟೆಂಬರಿನಲ್ಲಿ ಬಂಧನ, 1988ರ ಜನವರಿಯಲ್ಲಿ ಜೀವಾವಧಿ ಶಿಕ್ಷೆ. ಅಂದರೆ 5,000 ಜನರ ಪರೀಕ್ಷೆ ಅವನನ್ನು ಹಿಡಿಯಲಿಲ್ಲ. ಹಿಡಿದು ಕೊಟ್ಟದ್ದು ಒಂದು ಮಾತು. ಡಿಎನ್‌ಎ ಅದನ್ನು ದೃಢಪಡಿಸಿತು.

ಮಡಿವಾಳದ ಹತ್ತಿರದವನು, ಊರು ಅರಕಲಗೂಡು

ಡಿಎನ್‌ಎ ಲ್ಯಾಬ್ ಕೆಲಸ ಗೊತ್ತಿರುವವನಾಗಿ ಒಂದು ಮಾತು. ಪುಸ್ತಕದಲ್ಲಿರುವ ವಿಎನ್‌ಟಿಆರ್ (ಮತ್ತೆ ಮತ್ತೆ ಬರುವ ಉದ್ದ ತುಂಡುಗಳು), ಬ್ಲಾಟಿಂಗ್, ಪ್ರೋಬ್, ಎಕ್ಸ್‌ರೇ ಫಿಲ್ಮ್ ಎಲ್ಲ ಆ ಕಾಲದ್ದು. ಅದಕ್ಕೆ ಸ್ಯಾಂಪಲ್ ಜಾಸ್ತಿ ಬೇಕು, ಸಮಯವೂ ಜಾಸ್ತಿ. ಈಗ ಮಾಡುವುದು ಎಸ್‌ಟಿಆರ್. ಪರೀಕ್ಷೆಗೆ ಹಳೆಯದು ಬರೆಯಲಿ, ಆದರೆ ಹೊಸದು ಮಕ್ಕಳಿಗೆ ಗೊತ್ತಿರಲಿ.

ಎಸ್‌ಟಿಆರ್ ಅರ್ಥ ಮಾಡಿಸುವುದು ಸುಲಭ. ಅರಸೀಕೆರೆ ಜಂಕ್ಷನ್ನಿನಲ್ಲಿ ಎರಡು ಗೂಡ್ಸ್ ರೈಲು ನಿಂತಿವೆ ಅನ್ನಿ. ಎಂಜಿನ್ ಒಂದೇ ತರ, ಕೊನೆಯ ಗಾರ್ಡ್ ಡಬ್ಬಿ ಒಂದೇ ತರ, ನಡುವಿನ ಬೋಗಿಗಳೂ ಒಂದೇ ತರ. ಬೋಗಿ ಎಷ್ಟು ಅನ್ನುವುದು ಮಾತ್ರ ಬೇರೆ. ಡಿಎನ್‌ಎಯಲ್ಲೂ ಕೆಲವು ಜಾಗದಲ್ಲಿ ಒಂದು ಸಣ್ಣ ತುಂಡು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಅನ್ನುವುದು ಜನರಿಂದ ಜನರಿಗೆ ಬೇರೆ.

ಒಂದು ಜಾಗದ ಹೆಸರು ಟಿಎಚ್01. ಹನ್ನೊಂದನೇ ಕ್ರೋಮೋಸೋಮಿನಲ್ಲಿದೆ. ಅಲ್ಲಿ ಎ-ಎ-ಟಿ-ಜಿ ಎಂಬ ನಾಲ್ಕು ಅಕ್ಷರ ಮರುಕಳಿಸುತ್ತದೆ. ಒಬ್ಬರಿಗೆ 6 ಸಲ, ಇನ್ನೊಬ್ಬರಿಗೆ 9 ಸಲ. ಕ್ರೋಮೋಸೋಮು ಜೋಡಿಯಾಗಿ ಇರುವುದರಿಂದ ಪ್ರತಿಯೊಬ್ಬರಿಗೂ ಎರಡು ಸಂಖ್ಯೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಪಿಸಿಆರ್ ಅಂದರೆ ಆ ಜಾಗವನ್ನು ಮಾತ್ರ ಕೋಟಿಗಟ್ಟಲೆ ನಕಲು ಮಾಡುವುದು. ಆಮೇಲೆ ಕೂದಲಿಗಿಂತ ಸಣ್ಣ ಕೊಳವೆಯಲ್ಲಿ ಓಡಿಸಿ ಉದ್ದ ಅಳೆಯುತ್ತಾರೆ. ಪಟ್ಟೆಯ ಬದಲು ಕಂಪ್ಯೂಟರಿನಲ್ಲಿ ಶಿಖರಗಳು ಬರುತ್ತವೆ. ಒಂದು ಜೀವಕೋಶದಲ್ಲಿ ಸುಮಾರು 6 ಪಿಕೋಗ್ರಾಂ ಡಿಎನ್‌ಎ ಇರುತ್ತದೆ. ಈಗಿನ ಕಿಟ್‌ಗೆ 1 ನ್ಯಾನೋಗ್ರಾಂ ಸಿಕ್ಕರೆ ಆರಾಮ. ಅಂದರೆ ಇನ್ನೂರಕ್ಕೂ ಕಡಿಮೆ ಜೀವಕೋಶ.

ತರಗತಿಗೆ: ಉದ್ದ ಪೇಪರ್ ಪಟ್ಟಿ ಕತ್ತರಿಸಿ, ಪ್ರತಿ ನಾಲ್ಕು ಸೆಂಟಿಮೀಟರಿಗೆ ಒಂದು ಎಎಟಿಜಿ ಬರೆಸಿ. ಅಮ್ಮನಿಗೆ 6 ಮತ್ತು 9 ಪಟ್ಟಿ, ಅಪ್ಪನಿಗೆ 7 ಮತ್ತು 8. ಈ ದಂಪತಿಗೆ ಹುಟ್ಟಬಹುದಾದ ಮಕ್ಕಳ ಜೋಡಿ ಯಾವುವು? 6-7, 6-8, 9-7, 9-8. 6-9 ಯಾಕೆ ಆಗುವುದಿಲ್ಲ ಅಂತ ಅವರೇ ಹೇಳಲಿ. ಪಟ್ಟಿಗಳನ್ನು ಉದ್ದದ ಪ್ರಕಾರ ಬೋರ್ಡಿಗೆ ಅಂಟಿಸಿದರೆ ಜೆಲ್ ಚಿತ್ರ ತಾನಾಗಿ ಕಾಣುತ್ತದೆ.

ದ್ವಿತೀಯ ಪಿಯು ವಿದ್ಯಾರ್ಥಿನಿ

ಸರ್, ನನಗೊಂದು ಡೌಟು. ಕೆಂಪು ರಕ್ತ ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ ಅಂತ ಓದಿದ್ದೇವೆ. ಮತ್ತೆ ರಕ್ತದ ಕಲೆಯಿಂದ ಡಿಎನ್‌ಎ ಹೇಗೆ ಸಿಗುತ್ತದೆ? ಕೂದಲಿನಿಂದಲೂ ಸಿಗುತ್ತದಾ?

ಮಡಿವಾಳದ ಹತ್ತಿರದವನು, ಊರು ಅರಕಲಗೂಡು

ತುಂಬಾ ಒಳ್ಳೆ ಪ್ರಶ್ನೆ. ಬಿಳಿ ರಕ್ತ ಕಣದಿಂದ. ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಒಂದು ಹನಿಗೆ ಸಾವಿರಗಟ್ಟಲೆ ಇರುತ್ತವೆ. ಕೂದಲಿಗೆ ಬೇರು ಅಂಟಿದ್ದರೆ ಮಾಮೂಲಿ ಎಸ್‌ಟಿಆರ್ ಪರೀಕ್ಷೆ ಮಾಡಬಹುದು. ಬೇರಿಲ್ಲದ ಎಳೆಯಲ್ಲಿ ಸಾಮಾನ್ಯವಾಗಿ ನ್ಯೂಕ್ಲಿಯಸ್ಸಿನ ಹೊರಗಿರುವ ಮೈಟೋಕಾಂಡ್ರಿಯದ ಡಿಎನ್‌ಎ ನೋಡುತ್ತಾರೆ. ಅದು ಅಮ್ಮನ ಕಡೆಯಿಂದ ಮಾತ್ರ ಬರುವುದರಿಂದ ಅಣ್ಣ, ತಂಗಿ, ಅಜ್ಜಿ ಎಲ್ಲರಿಗೂ ಒಂದೇ. ಒಬ್ಬರನ್ನೇ ಬೊಟ್ಟು ಮಾಡಿ ತೋರಿಸಲು ಅದು ಸಾಲದು.

ಬಯಾಲಜಿ ಮೇಷ್ಟ್ರು, ಹಾಸನ

ಪೇಪರ್ ಪಟ್ಟಿಯ ಐಡಿಯಾ ತುಂಬಾ ಹಿಡಿಸಿತು. ಅದರ ಮುಂದಿನ ಭಾಗ ನಾನು ಲೆಕ್ಕದಲ್ಲಿ ಮಾಡಿಸುತ್ತೇನೆ. ನನ್ನ ಪ್ರಕಾರ ಈ ಪಾಠದ ಜೀವ ಅಲ್ಲೇ ಇದೆ.

ಲೆಕ್ಕ ಸುಲಭ ಆಗಲಿ ಅಂತ, ಒಂದು ಜಾಗದಲ್ಲಿ ಒಂದು ಸಂಖ್ಯಾಜೋಡಿ ಹತ್ತು ಜನರಲ್ಲಿ ಒಬ್ಬರಿಗೆ ಇರುತ್ತದೆ ಅಂತ ಇಟ್ಟುಕೊಳ್ಳುತ್ತೇವೆ. ಮೂರು ಜಾಗ ನೋಡಿದರೆ ಹತ್ತು ಗುಣಿಸು ಹತ್ತು ಗುಣಿಸು ಹತ್ತು, ಸಾವಿರಕ್ಕೆ ಒಬ್ಬರು. ಮಕ್ಕಳು "ಅಬ್ಬಾ, ಸಾವಿರಕ್ಕೆ ಒಬ್ಬನೇ! ಸಿಕ್ಕಿಬಿದ್ದ" ಅನ್ನುತ್ತಾರೆ. ಆಗ 2011ರ ಜನಗಣತಿ ಬೋರ್ಡಿನ ಮೇಲೆ ಬರೆಯುತ್ತೇನೆ. ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಸಾವಿರದಿಂದ ಭಾಗಿಸಿ. 1,776 ಜನ! ಸಕಲೇಶಪುರದಿಂದ ಚನ್ನರಾಯಪಟ್ಟಣದವರೆಗೆ ಅಷ್ಟು ಜನಕ್ಕೂ ಆ ಗುರುತು ಹೊಂದುತ್ತದೆ. ನಿಮ್ಮ ಮುಂದೆ ನಿಂತಿರುವವನು ಅವರಲ್ಲಿ ಒಬ್ಬ ಅಷ್ಟೇ. ತರಗತಿ ತಟ್ಟನೆ ಸುಮ್ಮನಾಗುತ್ತದೆ. ಯಾರೋ ಒಬ್ಬರು "ಹಾಗಾದ್ರೆ ಅವನು ಮಾಡಿಲ್ಲದೇನೂ ಇರಬಹುದು" ಅನ್ನುತ್ತಾರೆ. ಆ ಮಾತು ಮಕ್ಕಳ ಬಾಯಿಂದಲೇ ಬರಬೇಕು. ನಾವು ಹೇಳಬಾರದು.

ಈಗ ಆರು ಜಾಗ ಮಾಡಿ. ಹತ್ತು ಲಕ್ಷಕ್ಕೆ ಒಬ್ಬರು. ಇಡೀ ಜಿಲ್ಲೆಯಲ್ಲಿ ಒಬ್ಬರೋ ಇಬ್ಬರೋ. ಹತ್ತು ಜಾಗ ಮಾಡಿ. ಸಾವಿರ ಕೋಟಿಗೆ ಒಬ್ಬರು, ಪ್ರಪಂಚದ ಜನಸಂಖ್ಯೆಗಿಂತ ಜಾಸ್ತಿ. ಅಮೆರಿಕದಲ್ಲಿ ಮೊದಲು 13 ಜಾಗ ನೋಡುತ್ತಿದ್ದರು, 2017ರಿಂದ 20 ಜಾಗ. ಯಾಕೆ ಅಷ್ಟು ಬೇಕು ಅಂತ ಇನ್ನು ಹೇಳಿಕೊಡುವುದೇ ಬೇಡ.

ಇದರ ಜೊತೆ ಎರಡು ಮಾತು ಸೇರಿಸಬೇಕು. ಅಣ್ಣತಮ್ಮಂದಿರಿಗೆ ಒಂದೇ ಅಪ್ಪ ಅಮ್ಮನಿಂದ ಬಂದಿರುವುದರಿಂದ ಹೊಂದಾಣಿಕೆ ಜಾಸ್ತಿ, ಈ ಗುಣಾಕಾರ ಅವರಿಗೆ ಹಾಗೇ ಹಾಕಲು ಬರುವುದಿಲ್ಲ. ಇನ್ನೊಂದು, "ಈ ಗುರುತು ಸಾವಿರಕ್ಕೆ ಒಬ್ಬರಿಗೆ ಇರುತ್ತದೆ" ಅನ್ನುವುದು ಬೇರೆ, "ಇವನು ನಿರಪರಾಧಿ ಆಗಿರುವ ಸಾಧ್ಯತೆ ಸಾವಿರಕ್ಕೆ ಒಂದು" ಅನ್ನುವುದು ಬೇರೆ. ಎರಡನ್ನೂ ಬೋರ್ಡಿನ ಎಡಕ್ಕೆ ಬಲಕ್ಕೆ ಬರೆದು, ವ್ಯತ್ಯಾಸ ಏನು ಅಂತ ಕೇಳಿ ಬಿಡಿ. ಬುದ್ಧಿವಂತ ಮಕ್ಕಳೂ ಇಲ್ಲಿ ಎಡವುತ್ತಾರೆ. ಎಡವಲಿ, ತರಗತಿಯಲ್ಲಿ ಎಡವುವುದೇ ಒಳ್ಳೆಯದು.

ಅರಸೀಕೆರೆ ಲೆಕ್ಚರರ್

ಈ 1,776ರ ಲೆಕ್ಕ ನಾನೂ ಮಾಡಿಸುತ್ತೇನೆ. ಹತ್ತು ನಿಮಿಷದಲ್ಲಿ ಆಗುತ್ತದೆ.

ನಿವೃತ್ತ ಪೊಲೀಸ್, ಮೂಡಿಗೆರೆ

ಲ್ಯಾಬಿನ ಮಾತು ನೀವೆಲ್ಲ ಹೇಳಿದಿರಿ. ಸ್ಯಾಂಪಲ್ ಅಲ್ಲಿಗೆ ತಲುಪುವ ಮುಂಚಿನ ಮಾತು ನಾನು ಹೇಳುತ್ತೇನೆ, ಮಕ್ಕಳಿಗೆ ಇದೂ ಬೇಕು.

ಮಲೆನಾಡಿನಲ್ಲಿ ಮಳೆಗಾಲದ ದಿನ ಒಂದು ಘಟನೆ ಆದರೆ ಮೊದಲ ಶತ್ರು ತೇವ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿದರೆ ಒಳಗೆ ಬೆವರುತ್ತದೆ. ಬೂಸ್ಟು, ಬ್ಯಾಕ್ಟೀರಿಯ ಬೆಳೆದು ಡಿಎನ್‌ಎ ತಿಂದು ಹಾಕುತ್ತವೆ. ಅದಕ್ಕೇ ನೆರಳಿನಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕುವುದು. ಬಿಸಿಲಿಗೆ ಹಾಕಬಾರದು, ಬಿಸಿಲಿನ ನೇರಳಾತೀತ ಕಿರಣ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಒಂದೊಂದು ವಸ್ತು ಒಂದೊಂದು ಕವರು. ಎರಡು ಬಟ್ಟೆ ಒಟ್ಟಿಗೆ ಸುತ್ತಿದರೆ ಒಂದರದ್ದು ಇನ್ನೊಂದಕ್ಕೆ ಅಂಟುತ್ತದೆ. ಪ್ರತಿ ವಸ್ತುವಿಗೆ ಕೈಗವಸು ಬದಲಿಸಬೇಕು, ಮಾಸ್ಕ್ ಹಾಕಬೇಕು. ಮಾತಾಡುವಾಗ ಹಾರುವ ಎಂಜಲಲ್ಲೂ ಡಿಎನ್‌ಎ ಇರುತ್ತದೆ.

ಪಂಚರ ಮುಂದೆ ಮಹಜರು, ಅರಗಿನ ಮುದ್ರೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಷ್ಟು ಹೊತ್ತಿಗೆ ಹೋಯಿತು ಎಲ್ಲ ಬರೆಯಬೇಕು. ನಡುವೆ ಒಂದು ದಿನದ ಲೆಕ್ಕ ತಪ್ಪಿದರೂ ಕೋರ್ಟಿನಲ್ಲಿ ವಕೀಲರು ಅಲ್ಲೇ ಹಿಡಿಯುತ್ತಾರೆ. ಹಿಡಿಯಲೇಬೇಕು, ಅದು ಅವರ ಕೆಲಸ.

ತರಗತಿಯಲ್ಲಿ ಮಾಡಿ ನೋಡಿ. ಒಂದು ಪೆನ್ನಿಗೆ ಚಾಕ್‌ಪೀಸ್ ಪುಡಿ ಹಚ್ಚಿ ಕೈಯಿಂದ ಕೈಗೆ ದಾಟಿಸಿ. ಕೊನೆಗೆ ಯಾರ ಕೈಗೆಲ್ಲ ಪುಡಿ ಇದೆ ನೋಡಿ. ಪೆನ್ನು ಮುಟ್ಟದೆ, ಮುಟ್ಟಿದವರ ಕೈ ಕುಲುಕಿದವರಿಗೂ ಅಂಟಿರುತ್ತದೆ.

ಮಡಿವಾಳದ ಹತ್ತಿರದವನು, ಊರು ಅರಕಲಗೂಡು

ಸಾಹೇಬರು ಹೇಳಿದ್ದಕ್ಕೆ ಎರಡು ನಿಜ ಪ್ರಸಂಗ ಸೇರಿಸುತ್ತೇನೆ. ಎರಡನ್ನೂ ತರಗತಿಯಲ್ಲಿ ಹೇಳಬಹುದು.

ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ 2007ರಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆ ಆಯಿತು. ಅಲ್ಲಿ ಒಬ್ಬ ಹೆಂಗಸಿನ ಡಿಎನ್‌ಎ ಸಿಕ್ಕಿತು. ಅದೇ ಡಿಎನ್‌ಎ ಜರ್ಮನಿ, ಆಸ್ಟ್ರಿಯ, ಫ್ರಾನ್ಸ್‌ನ ಸುಮಾರು 40 ಕಡೆ ಸಿಕ್ಕಿತ್ತು. ಕೊಲೆ, ಕಳ್ಳತನ, ಒಂದಕ್ಕೊಂದು ಸಂಬಂಧವೇ ಇಲ್ಲ. ದೊಡ್ಡ ತಂಡ ವರ್ಷಗಟ್ಟಲೆ ಆ ಹೆಂಗಸನ್ನು ಹುಡುಕಿತು. 2009ರಲ್ಲಿ ಸತ್ಯ ಹೊರಬಂತು. ಸ್ಯಾಂಪಲ್ ತೆಗೆಯುವ ಹತ್ತಿಯ ಕಡ್ಡಿಗಳನ್ನು ಪ್ಯಾಕ್ ಮಾಡುವ ಕಡೆ ಕೆಲಸ ಮಾಡುತ್ತಿದ್ದವಳ ಡಿಎನ್‌ಎ ಅದು. ಕಡ್ಡಿಗಳಲ್ಲಿ ರೋಗಾಣು ಇರದ ಹಾಗೆ ಮಾಡಿದ್ದರು. ಆದರೆ ರೋಗಾಣು ಸತ್ತರೆ ಡಿಎನ್‌ಎ ಹೋಗುವುದಿಲ್ಲ. ಬಯಾಲಜಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಸ್ಟೆರೈಲ್ ಆಗಿದ್ದರೂ ಡಿಎನ್‌ಎ ಯಾಕೆ ಉಳಿಯಿತು?

ಇನ್ನೊಂದು ಅಮೆರಿಕದ ಕ್ಯಾಲಿಫೋರ್ನಿಯದ್ದು, 2012. ಕೊಲೆಯಾದ ವ್ಯಕ್ತಿಯ ಉಗುರಿನಲ್ಲಿ ಒಬ್ಬನ ಡಿಎನ್‌ಎ ಸಿಕ್ಕಿತು. ಅವನನ್ನು ಹಿಡಿದು ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. ಆದರೆ ಕೊಲೆಯ ಹೊತ್ತಿನಲ್ಲಿ ಅವನು ಕುಡಿದು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದ. ಆಸ್ಪತ್ರೆ ದಾಖಲೆ ಅವನನ್ನು ಉಳಿಸಿತು. ಆ ರಾತ್ರಿ ಅವನನ್ನು ಆಸ್ಪತ್ರೆಗೆ ಸಾಗಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಯ ನಂತರ ಕೊಲೆಯಾದ ಮನೆಗೂ ಹೋಗಿದ್ದರು. ಪರೀಕ್ಷೆ ಸರಿಯಾಗಿಯೇ ಇತ್ತು. ಡಿಎನ್‌ಎ ನಿಜವಾಗಿಯೂ ಅವನದೇ. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ಯಂತ್ರ ಹೇಳುವುದಿಲ್ಲ. ಯಾವಾಗ ಬಂತು ಅಂತಲೂ ಹೇಳುವುದಿಲ್ಲ.

ವಕೀಲೆ, ಹಾಸನ

ಕೆಲವು ವಿಷಯ ಹೇಳಬೇಕು, ದಯವಿಟ್ಟು ಗಮನ ಕೊಡಿ.

ಅಪ್ಪ, ಅಮ್ಮ, ಮಗು ಪಟ್ಟಿಯ ಆಟವನ್ನು ಕಾಲ್ಪನಿಕ ಸಂಖ್ಯೆಯಲ್ಲೇ ಆಡಿಸಿ. ಮಕ್ಕಳ ಮನೆಯವರ ಬ್ಲಡ್ ಗ್ರೂಪ್, ಕಣ್ಣಿನ ಬಣ್ಣ ತಂದು ಹೋಲಿಸುವುದು ಬೇಡವೇ ಬೇಡ. ದತ್ತು ಮಕ್ಕಳಿರುತ್ತಾರೆ, ಮನೆಯ ಒಳಗಿನ ಸಂಗತಿಗಳಿರುತ್ತವೆ. ತರಗತಿಯಲ್ಲಿ ಒಂದು ಮಗುವಿನ ಮನಸ್ಸು ಒಡೆದರೆ ಯಾವ ಪಾಠವೂ ಅದನ್ನು ಸರಿ ಮಾಡುವುದಿಲ್ಲ. ಕೋರ್ಟುಗಳೂ ಈ ವಿಷಯದಲ್ಲಿ ಬಹಳ ಎಚ್ಚರಿಕೆಯಿಂದ ನಡೆಯುತ್ತವೆ. ಮದುವೆ ಜಾರಿಯಲ್ಲಿದ್ದಾಗ ಹುಟ್ಟಿದ ಮಗು ಆ ದಂಪತಿಯದೇ ಅಂತ ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಂ ಹೇಳುತ್ತಿತ್ತು. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 116ನೇ ಕಲಂ. ಸುಮ್ನೆ ಕೇಳಿದ ಮಾತ್ರಕ್ಕೆ ಇಂಥ ಪರೀಕ್ಷೆಗೆ ಆದೇಶ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಗೌತಮ್ ಕುಂಡು ಪ್ರಕರಣದಲ್ಲಿ ಹೇಳಿದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಇಲ್ಲಿನ ಅತ್ಯಾಚಾರ ಪ್ರಕರಣವೊಂದರಲ್ಲಿ ಸೀರೆಯ ಮೇಲೆ ಸಿಕ್ಕ ಡಿಎನ್‌ಎ ಬಗ್ಗೆ ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಹಾಸನದ ತರಗತಿಯಲ್ಲಿ ಯಾವುದಾದರೂ ಮಗು ಅದನ್ನು ಕೇಳಿಯೇ ಕೇಳುತ್ತದೆ. ಬಾಯಿ ಮುಚ್ಚಿಸಬೇಡಿ. ಬಟ್ಟೆ ಒಣಗಿದ್ದು, ನೆರಳಲ್ಲಿದ್ದು, ಯಾರೂ ಒಗೆಯದಿದ್ದರೆ ಕಲೆಯ ಡಿಎನ್‌ಎ ವರ್ಷಗಟ್ಟಲೆ ಉಳಿಯುತ್ತದೆ ಅನ್ನುವ ವಿಜ್ಞಾನ ಹೇಳಿ. ಸಂತ್ರಸ್ತೆ ಯಾರು, ಯಾವ ಊರು ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಸಂತ್ರಸ್ತೆಯ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ ಅಂತ ಮಕ್ಕಳಿಗೆ ಗೊತ್ತಾಗಲಿ. ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡುವುದು ಯಾಕೆ ತಪ್ಪು ಅಂತಲೂ ಅದೇ ಹೊತ್ತಿನಲ್ಲಿ ಹೇಳಬಹುದು.

ಜೊತೆಗೆ ಒಂದು ಮಾಹಿತಿ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಪೂರ್ತಿ ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಇದೆ. ಅಂದರೆ ಈ ವಿದ್ಯೆ ಕಲಿತವರು ಮುಂದೆ ಬಹಳ ಜನ ಬೇಕಾಗುತ್ತಾರೆ.

ತೋಟದ ಮನೆ, ಸಕಲೇಶಪುರ

ನಾನು ಮೇಷ್ಟ್ರಲ್ಲ, ಕಾಫಿ ಬೆಳೆಗಾರ. ಮಗ ಪಿಯು ಓದುತ್ತಿದ್ದಾನೆ. ನಿಮ್ಮ ಮಾತು ಓದುತ್ತಾ ಕೂತೆ. ಬರೀ ಕೊಲೆ, ಅತ್ಯಾಚಾರದ ಉದಾಹರಣೆ ಮಕ್ಕಳಿಗೆ ಭಾರ ಆಗುತ್ತದೆ ಅನ್ನಿಸಿತು. ನಮ್ಮ ಆನೆಗಳ ವಿಷಯ ತೆಗೆದುಕೊಳ್ಳಿ. ಸಕಲೇಶಪುರ, ಆಲೂರು ಕಡೆ ಆನೆ ಲದ್ದಿ ನೋಡದ ಮಗು ಇಲ್ಲ. 2025ರ ಅಕ್ಟೋಬರಿನಲ್ಲಿ ಬಂದ ದೇಶದ ಆನೆ ಗಣತಿ ವರದಿ ಲದ್ದಿಯ ಡಿಎನ್‌ಎ ಮೇಲೆ ನಿಂತಿದೆ. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ಮಾಡಿದ್ದು. ಇಡೀ ದೇಶಕ್ಕೆ 22,446 ಆನೆ ಅಂತ ಅಂದಾಜು. ಅದರಲ್ಲಿ ಕರ್ನಾಟಕದಲ್ಲೇ ಜಾಸ್ತಿ, 6,013. ಲದ್ದಿಯಲ್ಲಿ ಡಿಎನ್‌ಎ ಹೇಗೆ ಬರುತ್ತದೆ ಅಂತ ಲ್ಯಾಬಿನವರು ಹೇಳಿದರೆ ಮಗನಿಗೆ ತೋರಿಸುತ್ತೇನೆ.

ಮಡಿವಾಳದ ಹತ್ತಿರದವನು, ಊರು ಅರಕಲಗೂಡು

ಲದ್ದಿ ಕರುಳಿನಲ್ಲಿ ಜಾರಿ ಬರುವಾಗ ಕರುಳಿನ ಗೋಡೆಯ ಜೀವಕೋಶಗಳು ಅದರ ಹೊರಮೈಗೆ ಅಂಟಿಕೊಳ್ಳುತ್ತವೆ. ಅದಕ್ಕೇ ಉಂಡೆಯ ಹೊರಪದರದಿಂದ, ಅದೂ ತಾಜಾ ಇದ್ದಾಗ, ಸ್ಯಾಂಪಲ್ ತೆಗೆಯುತ್ತಾರೆ. ಒಳಗೆ ಇರುವುದು ಜಾಸ್ತಿ ಹುಲ್ಲು, ಬಿದಿರಿನ ಡಿಎನ್‌ಎ. ಆಮೇಲೆ ಮಾಡುವುದು ಮನುಷ್ಯರಿಗೆ ಮಾಡಿದ್ದೇ. ಮರುಕಳಿಸುವ ತುಂಡುಗಳ ಸಂಖ್ಯೆ ನೋಡಿ, ಈ ಲದ್ದಿ ಮತ್ತು ಆ ಲದ್ದಿ ಒಂದೇ ಆನೆಯದ್ದೋ ಬೇರೆ ಆನೆಯದ್ದೋ ಅಂತ ಹೇಳುತ್ತಾರೆ. ನಿಮ್ಮ ತೋಟಕ್ಕೆ ರಾತ್ರಿ ಬಂದದ್ದು ಒಂದೇ ಒಂಟಿ ಸಲಗವೋ ಎರಡೋ ಅಂತ ಇದರಿಂದ ತಿಳಿಯಬಹುದು. ಲಿಂಗವೂ ಗೊತ್ತಾಗುತ್ತದೆ.

ಬೇಟೆ ಕೇಸುಗಳಲ್ಲೂ ಇದು ಬಳಕೆಯಲ್ಲಿದೆ. ಬೇಯಿಸಿದ ಮಾಂಸ ಕಡವೆಯದ್ದೋ ಕುರಿಯದ್ದೋ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಮೈಟೋಕಾಂಡ್ರಿಯದ ಸೈಟೋಕ್ರೋಮ್ ಬಿ ಜೀನ್ ಓದಿದರೆ ಜಾತಿ ಗೊತ್ತಾಗುತ್ತದೆ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಇದಕ್ಕೆ ಒಳ್ಳೆಯ ವಿಧಾನ ರೂಪಿಸಿದೆ.

ಚನ್ನರಾಯಪಟ್ಟಣದ ಓದುಗ

ಸಿಸಿಎಂಬಿ ಅಂದಿರಿ, ಅಲ್ಲಿನ ವಿಜ್ಞಾನಿಯಾಗಿದ್ದ ಲಾಲ್‌ಜಿ ಸಿಂಗ್ ಹೆಸರು ಯಾರೂ ಎತ್ತಲಿಲ್ಲ. ಉತ್ತರ ಪ್ರದೇಶದ ಜೌನ್‌ಪುರದ ಹಳ್ಳಿಯಲ್ಲಿ 1947ರಲ್ಲಿ ಹುಟ್ಟಿದವರು. ನಮ್ಮ ಕಟ್ಟುಹಾವಿಗೆ ಹತ್ತಿರದ ಜಾತಿ, ಕಪ್ಪು ಹಳದಿ ಪಟ್ಟೆಯ ಬ್ಯಾಂಡೆಡ್ ಕ್ರೈಟ್ ಹಾವಿನ ಲಿಂಗ ಕ್ರೋಮೋಸೋಮು ಅಧ್ಯಯನ ಮಾಡುತ್ತಿದ್ದರು. ಅದರಲ್ಲಿ ಸಿಕ್ಕ ಮರುಕಳಿಸುವ ಡಿಎನ್‌ಎಯಿಂದಲೇ 1988ರ ಹೊತ್ತಿಗೆ ನಮ್ಮದೇ ಪ್ರೋಬ್ ಸಿದ್ಧ ಮಾಡಿದರು, ಅದೇ ಬಿಕೆಎಂ. ಹಾವಿನ ಡಿಎನ್‌ಎ ಹಿಡಿದು ಮನುಷ್ಯನ ಗುರುತು ಕಂಡುಹಿಡಿದರು! ಕೇರಳದ ತಲಶ್ಶೇರಿಯ ಪಿತೃತ್ವ ಪ್ರಕರಣದಲ್ಲಿ ಇದು ಮೊದಲ ಸಲ ಭಾರತದ ಕೋರ್ಟಿಗೆ ಬಂತು. ರಾಜೀವ್ ಗಾಂಧಿ ಹತ್ಯೆ ತನಿಖೆಯಲ್ಲೂ ಬಳಕೆಯಾಯಿತು. ಅವರು 2017ರಲ್ಲಿ ತೀರಿಕೊಂಡರು. ಜೆಫ್ರೀಸ್ ಜೊತೆ ಇವರ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ ಅಂತ ಎಲ್ಲ ಮೇಷ್ಟ್ರುಗಳಲ್ಲಿ ನನ್ನ ಮನವಿ.

ಬೇಲೂರು ಟೀಚರ್

ಜೆಲ್ ಯಂತ್ರ ಇಲ್ಲ ಅಂದಿರಿ ಅಲ್ವಾ, ಚೈನಾ ಗ್ರಾಸ್‌ನಲ್ಲಿ ಮಾಡಬಹುದು. ಅದು ಅಗರ್ ತಾನೆ. ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ, ಅದರಲ್ಲಿ ಚೈನಾ ಗ್ರಾಸ್ ಕುದಿಸಿ ಚಪ್ಪಟೆ ಡಬ್ಬಿಗೆ ಸುರಿಯಿರಿ. ಹೆಪ್ಪುಗಟ್ಟುವ ಮುಂಚೆ ಪ್ಲಾಸ್ಟಿಕ್ ತುಂಡು ನಿಲ್ಲಿಸಿ ಗುಂಡಿ ಮಾಡಿ. ಎರಡೂ ತುದಿಗೆ ಸ್ಟೀಲ್ ತಂತಿ, ಮೇಲೆ ಅದೇ ಸೋಡಾ ನೀರು, 9 ವೋಲ್ಟಿನ ಐದು ಬ್ಯಾಟರಿ ಸಾಲಾಗಿ ಜೋಡಿಸಿ. ಗುಂಡಿಗೆ ಹಸಿರು ಫುಡ್ ಕಲರ್ ಹಾಕಿ, ಅದು ಇಳಿದು ಕೂರಲು ಒಂದು ತೊಟ್ಟು ಗ್ಲಿಸರಿನ್ ಸೇರಿಸಿ. ಸ್ವಲ್ಪ ಹೊತ್ತಿಗೆ ಹಸಿರು ಒಡೆದು ಹಳದಿ ಮುಂದೆ, ನೀಲಿ ಹಿಂದೆ ಸಾಗುತ್ತದೆ, ಧನ ತುದಿಯ ಕಡೆಗೆ. ಡಿಎನ್‌ಎ ಕೂಡ ಫಾಸ್ಫೇಟಿನ ಋಣ ವಿದ್ಯುದಂಶದಿಂದ ಆ ಕಡೆಗೇ ಓಡುವುದು, ಸಣ್ಣ ತುಂಡು ಮುಂದೆ.

ಗೋಡೆಯ ಕರೆಂಟಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ. ಸೋಡಾ ಬದಲು ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಕರೆಂಟ್ ಹರಿಯುವಾಗ ಮಕ್ಕಳು ಬೆರಳು ಅದ್ದದ ಹಾಗೆ ನೋಡಿಕೊಳ್ಳಿ.

ದ್ವಿತೀಯ ಪಿಯು ವಿದ್ಯಾರ್ಥಿನಿ

ನಮ್ಮ ಕ್ಲಾಸಿನಲ್ಲಿ ಅವಳಿ ಅಕ್ಕತಂಗಿ ಇದ್ದಾರೆ. ಅವರಿಬ್ಬರ ಡಿಎನ್‌ಎ ಒಂದೇ ಬರುತ್ತದಾ? ಇನ್ನೊಂದು, ನನಗೆ ಈ ಕೆಲಸ ತುಂಬಾ ಇಷ್ಟ ಆಗಿದೆ. ಮುಂದೆ ಏನು ಓದಬೇಕು?

ಮಡಿವಾಳದ ಹತ್ತಿರದವನು, ಊರು ಅರಕಲಗೂಡು

ತದ್ರೂಪಿ ಅವಳಿಗಳಾದರೆ ಮಾಮೂಲಿ ಎಸ್‌ಟಿಆರ್ ಪರೀಕ್ಷೆಯಲ್ಲಿ ಒಂದೇ ಬರುತ್ತದೆ. ಆದರೆ ಬೆರಳಚ್ಚು ಬೇರೆ ಬೇರೆ. ಗರ್ಭದಲ್ಲಿ ಬೆರಳಿನ ಗೆರೆ ಮೂಡುವಾಗ ಜೀನ್ ಜೊತೆ ಬೇರೆ ಕಾರಣಗಳೂ ಸೇರುತ್ತವೆ. ಸಾಮಾನ್ಯ ಅವಳಿಗಳಾದರೆ ಬೇರೆ ಅಕ್ಕತಂಗಿಯರ ಹಾಗೇ.

ಓದುವ ವಿಷಯಕ್ಕೆ ಬಂದರೆ, ಬಿಎಸ್‌ಸಿಯಲ್ಲಿ ಜೀವರಸಾಯನ, ಬಯೋಟೆಕ್ನಾಲಜಿ, ಪ್ರಾಣಿಶಾಸ್ತ್ರ ಇಂಥದ್ದು ತಗೊಂಡು ಎಂಎಸ್‌ಸಿಗೆ ಫೊರೆನ್ಸಿಕ್ ಸೈನ್ಸ್ ಅಥವಾ ಜೆನೆಟಿಕ್ಸ್ ಮಾಡಬಹುದು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ನಮ್ಮ ಧಾರವಾಡದಲ್ಲೇ ಇದೆ. ಸಂಖ್ಯಾಶಾಸ್ತ್ರವನ್ನು ಮಾತ್ರ ಬಿಡಬೇಡಮ್ಮ. ರಿಪೋರ್ಟಿನ ಕೊನೆಯ ಸಾಲು ಬರೆಯುವಾಗ, ಕೋರ್ಟಿನಲ್ಲಿ ವಕೀಲರು ಅದರ ಮೇಲೆ ಪ್ರಶ್ನೆ ಹಾಕುವಾಗ ಬೇಕಾಗುವುದು ಅದೇ.

ಬಯಾಲಜಿ ಮೇಷ್ಟ್ರು, ಹಾಸನ

ಎಲ್ಲರಿಗೂ ತುಂಬಾ ಧನ್ಯವಾದ. ಮೊದಲ ದಿನ ಲೆಸ್ಟರ್ ಕಥೆ ಮತ್ತು ಪೇಪರ್ ಪಟ್ಟಿ, ಎರಡನೇ ದಿನ ಜಿಲ್ಲೆಯ ಲೆಕ್ಕ, ಚಾಕ್‌ಪೀಸ್ ಪುಡಿ, ಹತ್ತಿಯ ಕಡ್ಡಿಯ ಪ್ರಶ್ನೆ, ಮೂರನೇ ದಿನ ಪುಸ್ತಕದ ಹಂತಗಳು ಮತ್ತು ಲಾಲ್‌ಜಿ ಸಿಂಗ್. ಶನಿವಾರ ಚೈನಾ ಗ್ರಾಸ್ ಜೆಲ್. ಆನೆಯ ಸಂಖ್ಯಾಜೋಡಿಗಳ ಕಾರ್ಡು ಕನ್ನಡದಲ್ಲಿ ಮಾಡುತ್ತಿದ್ದೇನೆ, ಐದು ಲದ್ದಿ ಸ್ಯಾಂಪಲ್, ಎಷ್ಟು ಆನೆ ಅಂತ ಮಕ್ಕಳು ಕಂಡುಹಿಡಿಯಬೇಕು. ಬೇಕಾದವರು ಇಲ್ಲೇ ಹೇಳಿ, ಮುಗಿದ ಮೇಲೆ ಹಾಕುತ್ತೇನೆ.

ಅರಸೀಕೆರೆ ಲೆಕ್ಚರರ್

ನನಗೆ ಬೇಕು. ಉತ್ತರದ ಕಾರ್ಡು ಬೇರೆ ಪುಟದಲ್ಲಿ ಇರಲಿ, ಮಕ್ಕಳ ಕಣ್ಣಿಗೆ ಮೊದಲೇ ಬೀಳಬಾರದು.